ಕಡ್ಡಿಯ ಕೂದಲಿಗೆ ಮೂರು ಚಿತ್ರ

ಹುರಿ ಕಾರ್ಖಾನೆಯ ಕ್ವಾರ್ಟರ್ಸ್, ಮಹಡಿ ಮನೆ
ತಾರೀಕು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಕಡ್ಡಿ,

ಹೇಗಿದ್ದೀಯ? ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯಾ, ಇಲ್ಲ ಚಿಕ್ಕಮ್ಮ ತಟ್ಟೆ ಹಿಡಿದುಕೊಂಡು ನಿನ್ನ ಹಿಂದೆ ಮನೆಯೆಲ್ಲ ಸುತ್ತಬೇಕಾ? ಗಾಯದ ಸುತ್ತ ತುರಿಕೆ ಎಂದು ಹೋದ ಸಲ ಬರೆದಿದ್ದೆ. ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚುತ್ತಿದ್ದೀಯೋ ಅಥವಾ ಎಂದಿನ ಹಾಗೆ ಮುಚ್ಚಳ ಕಳೆದು ಡಬ್ಬಿಯನ್ನು ಒಣಗಿಸಿಟ್ಟಿದ್ದೀಯೋ? ತಲೆಯ ಗಾಯಕ್ಕೆ ಹಾಕಲು ತೊಡೆಯಿಂದ ಚರ್ಮ ತೆಗೆದ ಜಾಗ ಈಗ ಪೂರ್ತಿ ಮಾಯಿತು ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು, ಅದನ್ನು ಕೇಳಿ ನೆಮ್ಮದಿಯಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಕೆಮ್ಮು ಇಳಿದಿದೆ, ಬೈಗುಳ ಏರಿದೆ. ನಿನ್ನ ಅಣ್ಣ ಮತ್ತೆ ದಪ್ಪಗಾಗಿದ್ದಾರೆ, ಅಂಗಿ ಚಿಕ್ಕದಾದದ್ದು ನಾನು ಒಗೆಯುವ ರೀತಿಯಿಂದ ಎಂದು ನನ್ನ ಮೇಲೆ ಹೊರಿಸುತ್ತಿದ್ದಾರೆ. ಎಲ್ಲರೂ ಚೆನ್ನಾಗಿದ್ದೇವೆ ಎಂದೆನಲ್ಲ, ಅದರಲ್ಲಿ ನನ್ನನ್ನು ಸೇರಿಸಬೇಡ. ನನಗೆ ಕಾಯಿಲೆ ಏನಿಲ್ಲ, ಹೆದರಿಕೆ ಅಷ್ಟೇ. ನಿನ್ನ ಅತ್ತಿಗೆ ಎಂಥ ಪುಕ್ಕಲಿ ಎಂದು ನಿನಗೆ ಗೊತ್ತು. ಮಿಕ್ಸರ್ ಹಾಕುವಾಗಲೂ ಒಂದು ಹೆಜ್ಜೆ ಹಿಂದೆ ನಿಂತು ಕೈ ಚಾಚಿ ಒತ್ತುವವಳು ನಾನು. ಆದರೆ ಈ ಹೆದರಿಕೆ ಆ ಜಾತಿಯದಲ್ಲ.

ನಿನ್ನ ಕಾಗದ ಗುರುವಾರ ಬಂತು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು ಎನ್ನುವ ಸಾಲು ಓದಿದಾಗ ಅಮ್ಮ ಎದ್ದು ನಿಂತು, ಯಾಕೆ ಎದ್ದೆನೆಂದು ಮರೆತು, ಮತ್ತೆ ಕೂತರು. ಅಷ್ಟು ಖುಷಿ. ಇಪ್ಪತ್ತನೇ ತಾರೀಕು ಸೋಮವಾರದಿಂದ ಗಾಜಿನ ಹಿಂದೆ ಕೂರಬೇಕು, ಜನ ಬಲಗಡೆಯಿಂದ ಬರುತ್ತಾರೆ, ಫ್ಯಾನೂ ಬಲಗಡೆಯೇ ಇದೆ, ಗಾಯದ ಕಡೆಗೇ, ಅದಕ್ಕೇ ಹಿಂದಿನ ಶನಿವಾರ ಕೂದಲಿಗೊಂದು ಆಕಾರ ಕೊಡಿಸಿಕೊಳ್ಳಬೇಕು ಎಂದು ಬರೆದಿದ್ದೀಯ. ಜೊತೆಗೆ ಆ ಮೂರು ಚಿತ್ರ. ಮೂರೂ ಲೇಯರ್ ಕಟ್, ಹಿಂದೆ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಬರೆದು, ಕೆಳಗೆ ನಿನ್ನ ಆ ದೊಡ್ಡ ದೊಡ್ಡ ಅಕ್ಷರದಲ್ಲಿ "ಅತ್ತಿಗೆ, ನೀವು ಯಾವುದು ಅಂದ್ರೆ ಅದೇ. ನಾನು ತಲೆ ಕೆಡಿಸ್ಕೊಳಲ್ಲ" ಎಂದು. ಅದನ್ನು ಓದಿದ ಕೂಡಲೇ ಚಿತ್ರಗಳನ್ನು ಲಕೋಟೆಯೊಳಗೆ ವಾಪಸ್ ತುರುಕಿಬಿಟ್ಟೆ. ಹೋದ ಸಲವೂ ನೀನು ಇದೇ ಮಾತು ಹೇಳಿದ್ದೆ, ನಾನು ಬೆರಳಿಟ್ಟು ತೋರಿಸಿದ್ದೆ. ಫೋನು ಮಾಡಿ ಹೇಳಿಬಿಡು ಎಂದು ನಿನ್ನ ಅಣ್ಣ ಗದರಿದರು. ಎರಡು ಸಲ ಫೋನು ಕೈಗೆತ್ತಿಕೊಂಡೆ. ನಿನ್ನ "ಹಲೋ" ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ ಎಂದು ಇಟ್ಟುಬಿಟ್ಟೆ.

ಇನ್ನೊಂದು ಸಾಲು ಬರೆದಿದ್ದೀಯಲ್ಲ, ಕಾಗದದ ಹಿಂದಿನ ಪುಟದಲ್ಲಿ, ಏನೋ ಸಣ್ಣ ವಿಷಯ ಎನ್ನುವ ಹಾಗೆ. "ಆ ಬೆಳಗ್ಗೆದು ನಂಗೇನೂ ನೆನಪಿಲ್ಲ ಅತ್ತಿಗೆ, ಆದ್ರೆ ಫೋಟೋಗೆ ಚೆಂದ ಕಾಣ್ಲಿ ಅಂತ ಆ ಕೂದ್ಲೆಳೆ ನಾನೇ ತಲೆಬಟ್ಟೆಯಿಂದ ಹೊರಗೆ ಎಳ್ಕೊಂಡಿರ್ತೀನಿ. ನೀವು ಅಷ್ಟು ಜೋಪಾನವಾಗಿ ಕಟ್ಟಿದ್ದನ್ನ ಹಾಳು ಮಾಡ್ಕೊಂಡೆ. ನಂಗೆ ತಕ್ಕ ಶಾಸ್ತಿ." ಕಡ್ಡಿ, ಅದು ಹಾಗಲ್ಲ. ಹಾಗಲ್ಲ ಎನ್ನುವುದು ನನಗೆ ಗೊತ್ತು. ಹೇಗೆ ಗೊತ್ತು ಎನ್ನುವುದನ್ನು ಈ ಕಾಗದ ಮುಗಿಯುವುದರೊಳಗೆ ಹೇಳುತ್ತೇನೆ. ಏಳು ತಿಂಗಳಿಂದ ಹೇಳಿಲ್ಲ. ಈಗಲೇ, ಇಲ್ಲೇ ಹೇಳಿದರೆ ನೀನು ಮುಂದಿನದನ್ನು ಓದದೆ ಕಾಗದ ಮಡಚಿಟ್ಟುಬಿಡುತ್ತೀಯೇನೋ ಎಂಬ ಭಯ. ಶನಿವಾರ ಆ ಕತ್ತರಿಯ ಮುಂದೆ ಕೂರುವಾಗ ನಿನಗೆ ಬೇಕಾದದ್ದೆಲ್ಲ ಮುಂದೆ ಇದೆ. ಅದಕ್ಕೇ ಮೊದಲು ಕೂದಲಿನ ಮಾತು, ಆಮೇಲೆ ನನ್ನ ಮಾತು.

ಹೋದ ಸಲದ್ದು ನಿನಗೆ ನೆನಪಿದೆಯಲ್ಲ, ಅಲ್ಲಿಯವರೆಗಿನದೆಲ್ಲ ನೆನಪಿದೆ ಎಂದಿದ್ದೆ. ನಿನ್ನ ಕೂದಲು ಸೊಂಟ ದಾಟಿತ್ತು. ತೊಳೆದರೆ ಒಣಗಲು ಅರ್ಧ ದಿನ, ಬಾಚಲು ಒಬ್ಬರು, ಬೈಯಲು ಅಮ್ಮ. ಗಂಟು ಹಾಕಿ ತಲೆಬಟ್ಟೆ ಕಟ್ಟಿದರೆ ಒಳಗೆ ಕುಂಬಳಕಾಯಿ ಇಟ್ಟುಕೊಂಡ ಹಾಗೆ ಕಾಣುತ್ತಿದ್ದೆ. ಸಂಜೆ ಪಾಳಿ ಮುಗಿಸಿ ಬಂದು "ಕುತ್ತಿಗೆ ಬಿದ್ದೋಗುತ್ತೆ ಅತ್ತಿಗೆ" ಎನ್ನುತ್ತಿದ್ದೆ. ನಿನಗೆ ಬೇಕಾಗಿದ್ದದ್ದು ತುದಿಯಲ್ಲಿ ನಾಲ್ಕು ಬೆರಳು ಕತ್ತರಿಸಿಕೊಳ್ಳುವುದಷ್ಟೇ. ಲೇಯರ್ ಮಾಡಿಸು, ಉದ್ದ ಉದ್ದದ ಹಾಗೇ ಇರುತ್ತದೆ, ಭಾರ ಅರ್ಧ ಆಗುತ್ತದೆ ಎಂದು ತಲೆಗೆ ತುಂಬಿದವಳು ನಾನು. ಪಾರ್ಲರ್ ಅಕ್ಕ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಕೇಳಿದಳು, "ಮಿಷನ್ ಮುಂದೆ ನಿಲ್ಲೋರಲ್ವಾ ನೀವು? ಮುಂದಿನ ಎಳೆ ಗಿಡ್ಡ ಆದ್ರೆ ಗಂಟಿಗೆ ಸಿಗಲ್ಲ ನೋಡಿ." ಅದಕ್ಕೆ ಉತ್ತರ ಕೊಟ್ಟವಳೂ ನಾನೇ. ಮೇಲೆ ಬಟ್ಟೆ ಕಟ್ಟುತ್ತೇವಲ್ಲ, ನಾನು ಇದ್ದೇನಲ್ಲ, ನಾನೇ ಅವಳ ಜೋಡಿ ಎಂದೆ. ಅಂದು ನೀನು ಆ ಕುರ್ಚಿಯಿಂದ ಎದ್ದು ತಲೆ ಕೊಡವಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಆ ಕೂದಲು ಒಂದು ಸಲ ಅಲುಗಾಡಿ ತಂತಮ್ಮ ಜಾಗಕ್ಕೆ ಬಂದು ಕೂತಿತು. ಪಾರ್ಲರಿನಲ್ಲಿ ಸರದಿಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಆ ದಿನ ನನಗಾದ ಹೆಮ್ಮೆ ನನ್ನ ಮದುವೆಯ ದಿನವೂ ಆಗಿರಲಿಲ್ಲ, ನಿನ್ನ ಅಣ್ಣನಿಗೆ ಹೇಳಬೇಡ.

ಜೋಡಿ ಎನ್ನುವುದನ್ನು ನಾವು ಎಷ್ಟು ನೆಚ್ಚಿದ್ದೆವು! ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಪಾಳಿ ಶುರುವಾಗುವ ಮುಂಚೆ ಇಬ್ಬಿಬ್ಬರು ಒಬ್ಬರ ಹಿಂದೆ ಒಬ್ಬರು ನಿಂತು, ಮುಂದಿನವಳ ಜಡೆ ಸುತ್ತಿ ಗಂಟು ಹಾಕಿ, ಬಟ್ಟೆ ಬಿಗಿದು, ಅಂಚಿನ ಉದ್ದಕ್ಕೂ ಒಂದು ಬೆರಳನ್ನು ಹಣೆಯಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ, ಮತ್ತೆ ಹಣೆಗೆ ಒಂದು ಸುತ್ತು ತರುವುದು. ಎಲ್ಲೂ ಕೂದಲು ತಾಗದಿದ್ದರೆ ಹೆಗಲಿಗೆ ಎರಡು ತಟ್ಟು. ತಟ್ಟಿದ ಮೇಲೆ ಅವಳು ತನ್ನ ತಲೆಯ ಗೊಡವೆ ಬಿಟ್ಟು ಯಂತ್ರದ ಕಡೆ ಹೋಗುವುದು. ತಟ್ಟಿಸಿಕೊಂಡವಳು ಮತ್ತೆ ಕೈ ಎತ್ತಿ ಬಟ್ಟೆ ಮುಟ್ಟಿ ನೋಡಿದರೆ ಜೋಡಿಗೆ ಅವಮಾನ. ಯಾವ ನಿಯಮದ ಪುಸ್ತಕದಲ್ಲೂ ಇದು ಇರಲಿಲ್ಲ. ನಮ್ಮ ಮುಂಚಿನ ಹೆಂಗಸರು ಯಾರೋ ಶುರು ಮಾಡಿದ್ದು, ನಾವು ಮುಂದುವರಿಸಿದೆವು. ನಾಲ್ಕು ವರ್ಷ ನಾನು ನಿನ್ನ ಹೆಗಲು ತಟ್ಟಿದ್ದೇನೆ, ನೀನು ನನ್ನದನ್ನು ತಟ್ಟಿದ್ದೀಯ. ನೀನು ತಟ್ಟುವುದು ಯಾವಾಗಲೂ ಜೋರು, ನೊಣ ಹೊಡೆಯುವವಳ ಹಾಗೆ.

ಕತ್ತರಿ ಹಾಕಿಸಿದ ಆರನೆಯ ದಿನ ಅದು. ನಿನಗೆ ನೆನಪಿಲ್ಲದ ದಿನವಾದ್ದರಿಂದ ನಡೆದದ್ದನ್ನು ಹೇಳುತ್ತೇನೆ, ಎಲ್ಲರಿಗೂ ಹೇಳಿದಷ್ಟನ್ನು. ಆ ಬೆಳಿಗ್ಗೆ ಯಂತ್ರ ಶುರು ಮಾಡುವ ಮುಂಚೆ ನಮ್ಮ ವಿಭಾಗದವರದೆಲ್ಲ ಒಂದು ಫೋಟೋ ತೆಗೆಯುವುದಿತ್ತು. ಎಲ್ಲರೂ ಬಟ್ಟೆ ಕಟ್ಟಿ, ತಟ್ಟಿಸಿಕೊಂಡು, ಗೋಡೆಯ ಪಕ್ಕ ಸಾಲಾಗಿ ನಿಂತೆವು. ಫೋಟೋದವನು ಬರಲಿಲ್ಲ. ಸೂಪರ್‌ವೈಸರ್ ಎರಡು ಸಲ ಗಡಿಯಾರ ನೋಡಿ, "ಹಾಕಿ ಹಾಕಿ, ಅವ್ನು ಬಂದಾಗ ನೋಡ್ಕೊಳೋಣ" ಎಂದರು. ಎಲ್ಲರೂ ಓಡಿ ಯಂತ್ರ ಹಾಕಿದೆವು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ನಿನ್ನ ಸಾಲಿನಲ್ಲಿ ನೂಲು ಸುತ್ತಿಕೊಳ್ಳುತ್ತ ಗಿರಗಿರ ತಿರುಗುವ ಒಂದು ಕದಿರಿನ ನೂಲು ತುಂಡಾಯಿತು, ಗಂಟು ಹಾಕಲು ನೀನು ಬಗ್ಗಿದೆ. ಬಲಗೆನ್ನೆಯ ಮೇಲಿದ್ದ ಆ ಗಿಡ್ಡ ಎಳೆಯನ್ನು ಕದಿರು ಹಿಡಿದುಕೊಂಡಿತು, ಅದರ ಹಿಂದೆ ಕಿವಿಯ ಮೇಲಿನದೆಲ್ಲ ಹೋಯಿತು. ನಾನು ನಿಲ್ಲಿಸುವ ಹಿಡಿ ಎಳೆದೆ, ಸೊಂಟದಲ್ಲಿದ್ದ ನೂಲಿನ ಕತ್ತರಿಯಿಂದ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ನಿನ್ನನ್ನು ಬಿಡಿಸಿಕೊಂಡೆ. ಇನ್ನು ಹೆಚ್ಚು ಬರೆಯಲಾರೆ. ನಿನ್ನ ಕೂಗು ಈಗಲೂ ಕಿವಿಯಲ್ಲಿದೆ ಎಂದರೆ ಸಾಕು.

ಆಮೇಲೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಸಮಯಕ್ಕೆ ಸರಿಯಾಗಿ ಬುದ್ಧಿ ಓಡಿಸಿದಳು, ಇಲ್ಲದಿದ್ದರೆ ಹುಡುಗಿಯ ಕಣ್ಣೇ ಹೋಗುತ್ತಿತ್ತು ಎಂದರು. ಕಾರ್ಖಾನೆಯವರು ಒಂದು ಪ್ರಶಂಸಾ ಪತ್ರ ಕೊಟ್ಟರು, ನಿನ್ನ ಅಣ್ಣ ಅದಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ಮೊಳೆ ಹೊಡೆದರು. ಬಂದವರಿಗೆಲ್ಲ ಅಮ್ಮ ತೋರಿಸುತ್ತಾರೆ. "ನನ್ನ ಸೊಸೆ ಇದ್ದಿದ್ದಕ್ಕೆ ನನ್ನ ಮಗಳು ಉಳಿದ್ಲು" ಎನ್ನುತ್ತಾರೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ನಾಚಿಕೆ ಸ್ವಭಾವ ಎಂದುಕೊಂಡಿದ್ದಾರೆ.

ನೀನು ಹೋದ ಮೇಲೆ ನನಗೆ ಜೋಡಿಯಾಗಿ ಕನ್ನಡಕದಕ್ಕ ಬಂದಳು, ಮೂಲೆಯ ಯಂತ್ರದವಳು. ಪಾಪ, ತುಂಬ ತಾಳ್ಮೆಯ ಹೆಂಗಸು. ಅವಳ ತಲೆಬಟ್ಟೆಯ ಸುತ್ತ ನನ್ನ ಬೆರಳು ಒಂದು ಸುತ್ತು ಬಂದು ಮುಗಿಯುವುದಿಲ್ಲ. ಎರಡು, ಮೂರು, ನಾಲ್ಕು. ಐದನೆಯದಾದ ಮೇಲೂ ತಟ್ಟಲು ಕೈ ಏಳುವುದಿಲ್ಲ. "ಹೆಂಗಿದೆ, ಇವತ್ತಾದ್ರೂ ಪಾಸಾ?" ಎಂದು ಅವಳು ಕೇಳುತ್ತಾಳೆ. ವಿಭಾಗದಲ್ಲಿ ನನಗೆ ಐದು ಸುತ್ತು ಎಂದೇ ಹೆಸರು ಬಿದ್ದಿದೆ, ನಾನೂ ನಗುತ್ತೇನೆ. ಆದರೆ ಯಂತ್ರ ಶುರುವಾಗಿ ಕದಿರುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ನೂಲು ತುಂಡಾದರೆ ಬಗ್ಗುವುದಿಲ್ಲ, ಯಂತ್ರ ಪೂರ್ತಿ ನಿಲ್ಲಿಸಿಯೇ ಗಂಟು ಹಾಕುತ್ತೇನೆ. ನನ್ನ ಕೆಲಸ ಹಿಂದೆ ಬೀಳುತ್ತಿದೆ ಎಂದು ಸೂಪರ್‌ವೈಸರ್ ಕರೆದು ಮೆತ್ತಗೆ ಹೇಳಿದರು. ಪ್ರಶಂಸಾ ಪತ್ರದವಳನ್ನು ಜೋರು ಮಾಡುವುದು ಹೇಗೆ ಎಂದು ಅವರಿಗೂ ಕಷ್ಟ.

ಸರಿ, ಈಗ ಚಿತ್ರಗಳ ವಿಷಯ. ಶುಕ್ರವಾರ ಮೂರನ್ನೂ ಪುಸ್ತಕದೊಳಗೆ ಇಟ್ಟುಕೊಂಡು ಪಾರ್ಲರ್ ಅಕ್ಕನ ಹತ್ತಿರ ಹೋದೆ. ಏಳು ತಿಂಗಳಿಂದ ಆ ಬಾಗಿಲು ತುಳಿದಿರಲಿಲ್ಲ. ಎದುರು ಸಿಕ್ಕರೆ ನಾವಿಬ್ಬರೂ ಚಪ್ಪಲಿ ನೋಡಿಕೊಂಡು ದಾಟಿಹೋಗುತ್ತಿದ್ದೆವು. ನಿನ್ನ ಹೆಸರು ಎತ್ತಿದ ಕೂಡಲೇ ಅವಳ ಕೈಯಲ್ಲಿದ್ದ ಬಾಚಣಿಗೆ ನಿಂತಿತು. "ನಾನಿನ್ನು ಅವ್ಳ ತಲೆಗೆ ಯಾವ ಸಲಹೆನೂ ಕೊಡಲ್ಲಮ್ಮ, ಭಯ ಆಗುತ್ತೆ" ಎಂದಳು. ನನಗೂ ಭಯವೇ, ಇಬ್ಬರೂ ಹೆದರುತ್ತಲೇ ನೋಡೋಣ ಎಂದೆ. ಆಮೇಲೆ ಬಾಗಿಲಿಗೆ ಪರದೆ ಎಳೆದು ಚಿತ್ರಗಳನ್ನು ಕನ್ನಡಿಯ ಕೆಳಗೆ ಸಾಲಾಗಿ ಇಟ್ಟಳು. ನಿನ್ನ ತಲೆ ಈಗ ಹೇಗಿದೆ ಎಂದು ಕೇಳಿದಳು. ಎಡಗಡೆ, ಹಿಂದೆ ಎಲ್ಲ ಸೊಂಟದವರೆಗೆ ಇದೆ, ಬಲಗಡೆ ನಾನು ಕತ್ತರಿಸಿದ್ದು ಈಗ ದವಡೆಯವರೆಗೆ ಬೆಳೆದಿದೆ, ಕಿವಿಯ ಮೇಲೆ ಅಂಗೈ ಅಗಲದ ಜಾಗದಲ್ಲಿ ಏನೂ ಬರುವುದಿಲ್ಲ ಎಂದೆ. "ಹಾಗಾದ್ರೆ ಎರಡು ತಲೆ ಒಂದೇ ಕುತ್ತಿಗೆ ಮೇಲೆ" ಎಂದಳು. ಅವಳು ಹಾಗೆಯೇ, ನಿನಗೆ ಗೊತ್ತಲ್ಲ. ಹೇಳಿ ಮುಗಿಸಿ ಕಣ್ಣೊರೆಸಿಕೊಂಡಳು.

ಮೊದಲ ಚಿತ್ರವನ್ನು ಅವಳೇ ಮಗುಚಿ ಹಾಕಿದಳು. ಅದರಲ್ಲಿ ನಡುನೆತ್ತಿಯಿಂದಲೇ ಮೆಟ್ಟಿಲು ಶುರುವಾಗುತ್ತದೆ, ಚಿತ್ರದಲ್ಲಿ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ. ಆದರೆ ನಿನಗೆ ಮುಚ್ಚಿಕೊಳ್ಳಲು ಬೇಕಾದದ್ದು ಮೇಲಿನ ಕೂದಲೇ. ಅದನ್ನೇ ಗಿಡ್ಡ ಮಾಡಿದರೆ ಗಾಳಿ ಬಂದಾಗ ಹಾರಿ, ಗಾಯ ಬಯಲಾಗುತ್ತದೆ. ಎರಡನೆಯದರಲ್ಲಿ ಕೆಳಗಡೆ ಮಾತ್ರ ಲೇಯರ್, ತುದಿ ಚೂಪು, ಉದ್ದ ಎಲ್ಲೂ ಹೋಗುವುದಿಲ್ಲ. ನನಗೆ ಅದೇ ಇಷ್ಟವಾಯಿತು, ಅದರಲ್ಲಿ ಕತ್ತರಿಗೆ ಕೆಲಸ ಕಡಿಮೆ ಎನ್ನುವುದೇ ಕಾರಣ. ಮೂರನೆಯದರಲ್ಲಿ ಮುಂದಿನ ಎಳೆ ದವಡೆಯ ಹತ್ತಿರ ಶುರುವಾಗಿ, ಹೆಗಲು, ತೋಳು ಎಂದು ಇಳಿಯುತ್ತ ಹೋಗಿ ಬೆನ್ನಿನ ಉದ್ದವನ್ನು ಸೇರುತ್ತದೆ. ಬೈತಲೆ ಎಡಕ್ಕೆ ಸರಿದಿದೆ. ಎರಡನೆಯದೋ ಮೂರನೆಯದೋ ಎಂದು ಅವಳು ಹೇಳಲಾರಳು, ನಾನೂ ಹೇಳಲಾರೆ. ಚಿತ್ರ ನೋಡಿ ತೋರಿಸುವ ಧೈರ್ಯ ನನ್ನಲ್ಲಿ ಉಳಿದಿಲ್ಲ, ಕಡ್ಡಿ. ಅದಕ್ಕೇ ನಾನೇ ಆ ಕುರ್ಚಿಯ ಮೇಲೆ ಕೂತೆ.

ನಕ್ಕುಬಿಡಬೇಡ. ನನ್ನ ಕೂದಲು ನಿನ್ನಷ್ಟು ದಟ್ಟವಲ್ಲದಿದ್ದರೂ ಉದ್ದ ಇದೆಯಲ್ಲ. ಮೊದಲು ಎರಡನೆಯದನ್ನು ಮಾಡಿಸಿದೆ. ಕತ್ತರಿಯ ಮೊದಲ ಸದ್ದಿಗೆ ಕುರ್ಚಿಯ ಕೈ ಹಿಡಿದುಕೊಂಡೆ, ಕೊನೆಯವರೆಗೂ ಬಿಡಲಿಲ್ಲ. ಬೇಕೆಂದಾಗ ಮೂರನೆಯದಕ್ಕೆ ಇಳಿಸಬಹುದು, ಮೂರನೆಯದನ್ನು ಎರಡಕ್ಕೆ ಏರಿಸಲಾಗದು ಎಂದು ಪಾರ್ಲರ್ ಅಕ್ಕ ಲೆಕ್ಕ ಹಾಕಿ ಹಾಗೆ ಮಾಡಿದಳು. ಆಮೇಲೆ ಅಂಗೈ ಅಗಲದ ಕೆಂಪು ಬಟ್ಟೆಯೊಂದನ್ನು ಕತ್ತರಿಸಿ, ಬಲಗಿವಿಯ ಮೇಲೆ, ಮೇಲಿನ ಕೂದಲಿನ ಅಡಿಯಲ್ಲಿ ನಾಲ್ಕು ಕ್ಲಿಪ್ಪು ಹಾಕಿ ಕೂರಿಸಿದಳು. ಕೆಂಪು ಕಂಡರೆ ಕಟ್ ಸೋತ ಹಾಗೆ. ಮನೆಗೆ ಬಂದು ಅಮ್ಮನಿಗೂ ನಿನ್ನ ಅಣ್ಣನಿಗೂ ಕೆಲಸ ಹಚ್ಚಿದೆ. ನಾನು ಗುಡಿಸುವಾಗ, ಬಗ್ಗುವಾಗ, ಮೆಟ್ಟಿಲು ಹತ್ತುವಾಗ, ಟೇಬಲ್ ಫ್ಯಾನು ಬಲಗಡೆ ಇಟ್ಟುಕೊಂಡು ನೋಟು ಎಣಿಸುವವಳ ಹಾಗೆ ಕೂತಾಗ, ಇಬ್ಬರೂ ಕಣ್ಣಿಟ್ಟು ನೋಡಬೇಕು. ಅಮ್ಮನಿಗಂತೂ ಹಬ್ಬವಾಯಿತು. "ಕಾಣ್ತು! ಕಾಣ್ತು!" ಎಂದು ಅಡುಗೆಮನೆಯಿಂದ ಕೂಗುತ್ತಿದ್ದರು. ಶನಿವಾರ ಮಧ್ಯಾಹ್ನದೊಳಗೆ ಹದಿನೇಳು ಸಲ ಕಂಡಿತು. ಉದ್ದ ಕೂದಲು ಒಂದೇ ಹಾಳೆಯಾಗಿ ಜಾರುತ್ತದೆ, ಬಗ್ಗಿದರೆ ಪೂರ್ತಿ ಮುಂದಕ್ಕೆ ಬಂದು ಕಿವಿಯ ಮೇಲೆ ಬಾಗಿಲು ತೆರೆದ ಹಾಗಾಗುತ್ತದೆ.

ಭಾನುವಾರ ಮತ್ತೆ ಹೋಗಿ ಮೂರನೆಯದಕ್ಕೆ ಇಳಿಸಿಕೊಂಡೆ. ಬೈತಲೆ ಎಡಕ್ಕೆ ತಂದು, ಅಲ್ಲಿಂದ ಉದ್ದದ್ದು ಬಲಕ್ಕೆ ಹಾದುಬಂದು ಗಾಯದ ಮೇಲೆ ಮಲಗುತ್ತದೆ, ದವಡೆಯ ಹತ್ತಿರದ ಗಿಡ್ಡ ಎಳೆಗಳು ಅದನ್ನು ಕೆಳಗಿನಿಂದ ತಡೆದು ಹಿಡಿಯುತ್ತವೆ. ಆ ದಿನ ಪೂರ್ತಿ ಕೆಂಪು ಎರಡೇ ಸಲ ಕಂಡಿತು. ಒಂದು ಸಲ ನಾನು ತಲೆ ಕೆರೆದುಕೊಂಡಾಗ, ಇನ್ನೊಂದು ಸಲ ನಿನ್ನ ಅಣ್ಣ ಪರೀಕ್ಷೆ ಮಾಡುತ್ತೇನೆಂದು ಹಿಂದಿನಿಂದ ಬಂದು ಬೀಸಣಿಗೆಯಿಂದ ಬೀಸಿದಾಗ. ಅದು ಮೋಸ, ಲೆಕ್ಕಕ್ಕಿಲ್ಲ. ಅಮ್ಮ ಸಂಜೆ ನನ್ನ ಹತ್ತಿರ ಬಂದು ಆ ಬಟ್ಟೆಯ ಮೇಲಿನ ಕೂದಲನ್ನು ಕೈಯಿಂದ ಸವರಿ, "ನನ್ನ ಮಗೂಗೂ ಹಿಂಗೇ ಮುಚ್ಚುತ್ತೇನೇ?" ಎಂದು ಕೇಳಿದರು. ಹೂಂ ಎಂದೆ. ಅವರ ಕಣ್ಣು ತುಂಬಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಿನ್ನೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ನನ್ನನ್ನು ಬಾಗಿಲಲ್ಲೇ ತಡೆದರು. ನಿನ್ನದಾದ ಮೇಲೆ ಫಲಕದಲ್ಲಿ ಹೊಸ ನಿಯಮ ಹಾಕಿದ್ದಾರೆ, ಲೇಯರ್ ಮಾಡಿಸಿದವರು ಕದಿರಿನ ಹತ್ತಿರ ನಿಲ್ಲಬಾರದು. ನನಗೆ ಅದು ಗೊತ್ತಿತ್ತು. "ನೀವೇ ಹಿಂಗ್ ಮಾಡಿದ್ರೆ ಹೆಂಗಮ್ಮ?" ಎಂದು ತಲೆ ಅಲ್ಲಾಡಿಸಿ ಪ್ಯಾಕಿಂಗ್ ಕೋಣೆಗೆ ಕಳಿಸಿದರು. ಈಗ ಹುರಿ ಉಂಡೆಗಳಿಗೆ ಚೀಟಿ ಅಂಟಿಸಿ ಪೆಟ್ಟಿಗೆಗೆ ತುಂಬುತ್ತೇನೆ. ಅಲ್ಲಿ ಏನೂ ತಿರುಗುವುದಿಲ್ಲ, ಒಂದು ಗೋಡೆ ಗಡಿಯಾರ ಬಿಟ್ಟರೆ. ನಿನ್ನೆ ಮೊದಲ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿರಾಳವಾಗಿ ಉಸಿರುಬಿಟ್ಟೆ. ಆಮೇಲೆ ನನಗೇ ಅನುಮಾನ ಬಂತು. ನಿನಗೋಸ್ಕರ ಕೂದಲು ಕತ್ತರಿಸಿಕೊಂಡೆನೋ, ಯಂತ್ರದಿಂದ ತಪ್ಪಿಸಿಕೊಳ್ಳಲು ಕತ್ತರಿಸಿಕೊಂಡೆನೋ? ಎರಡೂ ಇರಬೇಕು. ನಿನ್ನ ಹತ್ತಿರ ಇನ್ನು ಸುಳ್ಳು ಹೇಳಲಾರೆ.

ಆದ್ದರಿಂದ ನನ್ನ ಮಾತು ಮೂರನೆಯದು. ಚಿತ್ರಗಳನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಅಲ್ಲಿಯ ಪಾರ್ಲರಿನವಳಿಗೆ ಈ ಮುಂದಿನ ಮಾತುಗಳನ್ನು ಓದಿ ಹೇಳು, ನಾಚಿಕೆ ಪಡಬೇಡ. ಅತಿ ಗಿಡ್ಡ ಎಳೆ ದವಡೆಗಿಂತ ಮೇಲೆ ಹೋಗಬಾರದು. ಒದ್ದೆ ಕೂದಲು ಉದ್ದ ಕಾಣುತ್ತದೆ, ಒಣಗಿದರೆ ಎರಡು ಬೆರಳು ಮೇಲೇರುತ್ತದೆ, ನಿನ್ನದು ಸ್ವಲ್ಪ ಗುಂಗುರು ಬೇರೆ. ಅದಕ್ಕೆ ಮೊದಲು ಉದ್ದ ಬಿಟ್ಟು ಕತ್ತರಿಸಿ, ಒಣಗಿಸಿ, ಆಮೇಲೆ ಸರಿಮಾಡಲಿ. ಬಲಗಡೆ ಆ ಹಲ್ಲಿರುವ ಕತ್ತರಿ ಹಾಕಲೇಬಾರದು, ಅದು ಕೂದಲನ್ನು ತೆಳ್ಳಗೆ ಮಾಡುತ್ತದೆ, ನಿನಗೆ ಅಲ್ಲಿ ದಪ್ಪ ಬೇಕು. ಎಡಗಡೆ ಬೇಕಾದರೆ ಹಗುರ ಮಾಡಲಿ. ಬೈತಲೆ ಎಡಕ್ಕೆ ಬರಲು ಒಂದು ವಾರ ಹಟ ಮಾಡುತ್ತದೆ, ಒದ್ದೆಯಿರುವಾಗಲೇ ಬಾಚಿ ಕ್ಲಿಪ್ಪು ಹಾಕಿಟ್ಟರೆ ಕೇಳುತ್ತದೆ. ಮುಗಿಸಿ ಏಳುವ ಮುಂಚೆ ಕನ್ನಡಿ ಮುಂದೆ ಬಗ್ಗಿ ನೋಡು, ಎರಡು ಕಡೆ ತಿರುಗಿ ನೋಡು, ಅವಳ ಫ್ಯಾನಿನ ಮುಂದೆ ನಿಂತು ನೋಡು. ಸಾಲದಿದ್ದರೆ ಅಲ್ಲೇ ಹೇಳು. ಯಾರಾದರೂ ನಿನ್ನ ತಲೆ ಮುಟ್ಟಿ ಎಲ್ಲ ಸರಿಯಾಗಿದೆ ಎಂದರೆ ಅಷ್ಟಕ್ಕೇ ನಂಬಬೇಡ. ನೀನೇ ಕೈ ಎತ್ತಿ ಮುಟ್ಟಿ ನೋಡಿಕೋ.

ಇನ್ನು ನನ್ನ ಮಾತು ಹೇಳಬೇಕು. ಹೇಳುತ್ತೇನೆ ಎಂದು ಮೇಲೆ ಬರೆದಿದ್ದೇನೆ, ಅಳಿಸಲೂ ಆಗುವುದಿಲ್ಲ, ಇಂಕು. ಅರ್ಧ ಗಂಟೆಯಿಂದ ಈ ಸಾಲಿನ ಮುಂದೆ ಕೂತಿದ್ದೇನೆ. ನೀನು ನನ್ನನ್ನು ಅತ್ತಿಗೆ ಎನ್ನುವುದನ್ನು ನಿಲ್ಲಿಸಿದರೆ ಏನು ಮಾಡಲಿ, ಅಮ್ಮ ನನ್ನ ಕೈಯ ಊಟ ತಳ್ಳಿದರೆ ಏನು ಮಾಡಲಿ, ನಿನ್ನ ಅಣ್ಣ ನನ್ನ ಮುಖ ನೋಡಿ ಸುಮ್ಮನೆ ಎದ್ದು ಹೋದರೆ ಏನು ಮಾಡಲಿ, ಇದೇ ಸುತ್ತಿ ಸುತ್ತಿ ಬರುತ್ತಿದೆ. ನಾನು ಈ ಮನೆಗೆ ಬಂದಾಗ ನಿನಗೆ ಹದಿಮೂರು. ಮೊದಲ ದಿನವೇ ಬಾಚಣಿಗೆ ತಂದು ನನ್ನ ಮಡಿಲ ಮುಂದೆ ಬೆನ್ನು ತಿರುಗಿಸಿ ಕೂತವಳು ನೀನು. ಅಪರಿಚಿತರ ಮನೆಯಲ್ಲಿ ನನಗೆ ಮೊದಲು ಸಿಕ್ಕ ಸಲಿಗೆ ನಿನ್ನ ತಲೆ. ಆ ಸಲಿಗೆ ಹೋದರೆ ನನ್ನ ಹತ್ತಿರ ಹೆಚ್ಚೇನೂ ಉಳಿಯುವುದಿಲ್ಲ. ಇವತ್ತು ಆಗುತ್ತಿಲ್ಲ ಕಡ್ಡಿ. ನಾಳೆ ಇನ್ನೊಂದು ಕಾಗದ ಬರೆಯುತ್ತೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮುಲಾಮು ಬಿಡಬೇಡ. ಸೋಮವಾರ ಗಾಜಿನ ಹಿಂದೆ ನೆಟ್ಟಗೆ ಕೂತುಕೋ, ಬೆನ್ನು ಬಗ್ಗಿಸಿ ಕೂತರೆ ಚಿಲ್ಲರೆ ಕೇಳುವವರು ಹೆಚ್ಚು ಗದರುತ್ತಾರೆ. ನಿನಗೆ ಒಳ್ಳೆಯದಾಗಲಿ, ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ ಎಂದುಕೋ.

ನಿನ್ನ
ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ. ನಿನ್ನ ಅಣ್ಣ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಈ ಟಪಾಲು ತಪ್ಪಿದರೆ ಶನಿವಾರಕ್ಕೆ ನಿನಗೆ ಸೇರುವುದಿಲ್ಲ. ಆ ದಿನ ನಿನ್ನ ಬಟ್ಟೆ ಸರಿಯಾಗಿತ್ತು. ಬೆರಳು ಸುತ್ತು ತಂದೆ, ಒಂದು ಎಳೆಯೂ ಹೊರಗಿರಲಿಲ್ಲ. ನೀನು ಏನನ್ನೂ ಎಳೆದುಕೊಳ್ಳಲಿಲ್ಲ. ನಾನೇ ಬಲಗಿವಿಯ ಮುಂದೆ ಬೆರಳು ತೂರಿಸಿ ಆ ಎಳೆಯನ್ನು ಹೊರಗೆ ತಂದು ನಿನ್ನ ಕೆನ್ನೆಯ ಮೇಲೆ ಬಿಟ್ಟೆ, ನಾನು ಮಾಡಿಸಿದ ಕಟ್ ಫೋಟೋದಲ್ಲಿ ಕಾಣಲಿ ಎಂದು. ಫೋಟೋ ಆದ ಮೇಲೆ ಒಳಗೆ ಸೇರಿಸಿದರಾಯಿತು ಎಂದುಕೊಂಡು ಹೆಗಲು ತಟ್ಟಿದೆ. ಯಂತ್ರ ಹಾಕಿ ಎಂದರು, ನಾನು ಮರೆತೆ, ನೀನು ತಟ್ಟಿದ್ದನ್ನು ನಂಬಿ ಹೋದೆ. ಆಸ್ಪತ್ರೆಯಲ್ಲಿ ನಿನಗೇನೂ ನೆನಪಿಲ್ಲ ಎಂದಾಗ ನನಗೆ ಸಮಾಧಾನವಾಯಿತು, ಅದನ್ನೂ ಹೇಳುತ್ತಿದ್ದೇನೆ. ಇದು ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಅಮ್ಮನಿಗೂ ನಿನ್ನ ಅಣ್ಣನಿಗೂ ಈ ವಾರವೇ ಹೇಳುತ್ತೇನೆ, ಮೊದಲು ನಿನಗೆ ತಿಳಿಯಬೇಕಿತ್ತು. ಇಷ್ಟು ಓದಿದ ಮೇಲೂ ನನ್ನ ಮಾತು ಬೇಕೆನಿಸಿದರೆ ಮೂರನೆಯದು ಮಾಡಿಸಿಕೋ. ಬೇಡವೆನಿಸಿದರೆ ಚಿತ್ರಗಳನ್ನು ಮುಂದಿಟ್ಟುಕೊಂಡು ನಿನ್ನ ಬೆರಳಿನಿಂದ ನೀನೇ ತೋರಿಸು. ಅವರು ಮತ್ತೆ ಕೂಗುತ್ತಿದ್ದಾರೆ. ಅಂಟಿಸಿ ಕೊಟ್ಟುಬಿಡುತ್ತೇನೆ, ಇನ್ನೊಂದು ಸಲ ಓದಿದರೆ ಹರಿದುಹಾಕುತ್ತೇನೆ.